ಅಲ್ಗಾರಿದಮ್‌ಗೆ ಹೆಸರು ಕೊಟ್ಟ ಅಲ್ ಖ್ವಾರಿಝ್ಮಿ

ಕರಾವಳಿಯಿಂದ ಬೀದರ್‌ಗೆ ಓದಲು ಹೋಗುವ ಮಕ್ಕಳು ಈಗ ನಮ್ಮ ಊರುಗಳಲ್ಲಿ ಹೊಸತಲ್ಲ. ಬೀದರ್ ನಗರ ಇರಲಿ, ಇಂಜಿನಿಯರಿಂಗ್ ಕಾಲೇಜಿರುವ ಭಾಲ್ಕಿ ಇರಲಿ, ಗಡಿಯಂಚಿನ ಔರಾದ್ ಇರಲಿ, ನಮ್ಮ ಉಳ್ಳಾಲ, ಬಂಟ್ವಾಳವೇ ಇರಲಿ, ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡ ಮಕ್ಕಳಿಗೆ ಶುರುವಿನಲ್ಲೇ ಮೂರು ಪದಗಳು ಎದುರಾಗುತ್ತವೆ. ಅಲ್ಗಾರಿದಮ್, ಫ್ಲೋಚಾರ್ಟ್, ಸೂಡೋಕೋಡ್. ಕನ್ನಡ ಮೀಡಿಯಂನಿಂದಲೋ ಉರ್ದು ಮೀಡಿಯಂನಿಂದಲೋ ಬಂದ ಮಕ್ಕಳಿಗೆ ಇವು ಕಬ್ಬಿಣದ ಕಡಲೆ. ವ್ಯಾಖ್ಯೆಯನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಮರೆತುಬಿಡುತ್ತಾರೆ. ಇದೆಲ್ಲ ಅಮೆರಿಕದ ಸರಕು, ನಮಗೂ ಇದಕ್ಕೂ ಏನು ಸಂಬಂಧ ಎಂಬ ಭಾವನೆ ಬೇರೆ.

ಸಂಬಂಧ ಉಂಟು. ಅಲ್ಗಾರಿದಮ್ ಎನ್ನುವುದು ಮೂಲದಲ್ಲಿ ಒಬ್ಬ ಮನುಷ್ಯನ ಹೆಸರು. ಆ ಹೆಸರು ಮುಹಮ್ಮದ್ ಬಿನ್ ಮೂಸಾ ಅಲ್ ಖ್ವಾರಿಝ್ಮಿ. ಅವರು ಬದುಕಿದ್ದು ಸುಮಾರು 1200 ವರ್ಷಗಳ ಹಿಂದೆ. ಅವರ ಕಾಲದಲ್ಲಿ ಯಂತ್ರವೂ ಇರಲಿಲ್ಲ, ವಿದ್ಯುತ್ತೂ ಇರಲಿಲ್ಲ. ಇದ್ದದ್ದು ಜನರ ತಕರಾರುಗಳು. ಆಸ್ತಿ ಹಂಚುವುದು ಹೇಗೆ, ಹೊಲ ಅಳೆಯುವುದು ಹೇಗೆ, ವ್ಯಾಪಾರದ ಲಾಭ ಪಾಲು ಮಾಡುವುದು ಹೇಗೆ? ಈ ತಕರಾರುಗಳಿಗೆ ಅವರು ಬರೆದಿಟ್ಟ ಉತ್ತರಗಳ ರೀತಿಯೇ ಇವತ್ತಿನ ಕಂಪ್ಯೂಟರ್ ಪಾಠದ ಮೊದಲ ಅಧ್ಯಾಯ. ಹಾಗಾಗಿ ಈ ವಾರ ಅವರ ಬದುಕಿನ ಜೊತೆಗೇ ಆ ಪಾಠವನ್ನೂ ಸ್ವಲ್ಪ ನೋಡೋಣ.

ಖ್ವಾರಿಝ್ಮ್‌ನಿಂದ ಬಗ್ದಾದ್‌ಗೆ

ಅಲ್ ಖ್ವಾರಿಝ್ಮಿ ಹುಟ್ಟಿದ್ದು ಕ್ರಿ.ಶ. 780ರ ಸುಮಾರಿಗೆ. ಹೆಸರೇ ಹೇಳುವಂತೆ ಅವರ ಮನೆತನದ ನಂಟು ಅರಾಲ್ ಸಮುದ್ರದ ದಕ್ಷಿಣಕ್ಕಿರುವ ಖ್ವಾರಿಝ್ಮ್ ಸೀಮೆಯದ್ದು. ಆ ಸೀಮೆ ಇಂದು ಉಜ್ಬೇಕಿಸ್ತಾನ ಮತ್ತು ತುರ್ಕ್‌ಮೆನಿಸ್ತಾನಗಳಲ್ಲಿ ಹಂಚಿಹೋಗಿದೆ. ಆದರೆ ಅವರು ದುಡಿದದ್ದು, ಹೆಸರು ಮಾಡಿದ್ದು ಬಗ್ದಾದ್‌ನಲ್ಲಿ. 762ರಲ್ಲಿ ಖಲೀಫಾ ಮನ್ಸೂರ್ ಕಟ್ಟಿಸಿದ ಆ ನಗರ ಅಷ್ಟು ಹೊತ್ತಿಗೆ ಜಗತ್ತಿನ ದೊಡ್ಡ ಪೇಟೆಗಳಲ್ಲಿ ಒಂದಾಗಿತ್ತು. 813ರಿಂದ 833ರವರೆಗೆ ಆಳಿದ ಖಲೀಫಾ ಮಾಮೂನ್‌ಗೆ ವಿದ್ಯೆಯ ಹುಚ್ಚು. ಗ್ರೀಕ್, ಪರ್ಷಿಯನ್, ಸಂಸ್ಕೃತ ಗ್ರಂಥಗಳು ಅರಬಿಗೆ ಬರುತ್ತಿದ್ದ ಕಾಲವದು. ಬೈತುಲ್ ಹಿಕ್ಮಾ, ಅಂದರೆ ಜ್ಞಾನದ ಮನೆಯಲ್ಲಿ ವಿದ್ವಾಂಸರಿಗೆ ಸಂಬಳ, ಕಾಗದ, ಪುಸ್ತಕ ಎಲ್ಲ ಸಿಗುತ್ತಿತ್ತು. ಖ್ವಾರಿಝ್ಮಿ ಅವರಲ್ಲೊಬ್ಬರು.

ಇದೇ ಹೊತ್ತಿಗೆ ನಮ್ಮ ನಾಡಿನಲ್ಲಿ ಏನು ನಡೆಯುತ್ತಿತ್ತು? 814ರಲ್ಲಿ ಅಮೋಘವರ್ಷ ನೃಪತುಂಗ ಪಟ್ಟಕ್ಕೆ ಬಂದಿದ್ದ. ಅವನ ರಾಜಧಾನಿ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ರಾಷ್ಟ್ರಕೂಟರ ಮೂಲದ ಊರೆಂದು ಶಾಸನಗಳು ಹೇಳುವ ಲಟ್ಟಲೂರು ಇಂದಿನ ಲಾತೂರ್. ಬೀದರ್ ಜಿಲ್ಲೆಗೆ ತಾಗಿಕೊಂಡೇ ಇದೆ. ಮಹಾವೀರಾಚಾರ್ಯರು 850ರ ಆಸುಪಾಸಿನಲ್ಲಿ ಗಣಿತಸಾರಸಂಗ್ರಹ ಬರೆದು ನೃಪತುಂಗನನ್ನು ಹೊಗಳಿದ್ದಾರೆ. ಅತ್ತ ಟೈಗ್ರಿಸ್ ದಂಡೆಯಲ್ಲಿ ಒಬ್ಬರು, ಇತ್ತ ದಖ್ಖನ್ನಿನಲ್ಲಿ ಇನ್ನೊಬ್ಬರು, ಒಂದೇ ಕಾಲದಲ್ಲಿ, ಲೆಕ್ಕವನ್ನು ಹಂತ ಹಂತವಾಗಿ ಬಿಡಿಸಿ ಹೇಳುವ ಕೆಲಸ ಮಾಡುತ್ತಿದ್ದರು. ಅರಬ್ ವ್ಯಾಪಾರಿಗಳ ಬರಹಗಳಲ್ಲಿ ಬಲ್ಹರಾ ಎಂದು ಕಾಣುವ ರಾಜ ಈ ರಾಷ್ಟ್ರಕೂಟ ದೊರೆಯೇ.

ಹಿಂದೂ ಲೆಕ್ಕದ ಪುಸ್ತಕ

ಒಂದರಿಂದ ಒಂಬತ್ತರವರೆಗಿನ ಅಂಕಿಗಳು ಮತ್ತು ಸೊನ್ನೆ ಭಾರತದಿಂದ ಹೋದವು ಎನ್ನುವುದು ನಮಗೆಲ್ಲ ಗೊತ್ತು. ಅವು ಬಗ್ದಾದ್ ತಲುಪಿದ್ದರೂ ಬಳಕೆ ಅಷ್ಟಕ್ಕಷ್ಟೇ. ಕಚೇರಿಯ ಗುಮಾಸ್ತರು ಬೆರಳೆಣಿಕೆಯಲ್ಲಿ ಲೆಕ್ಕ ಮಾಡಿ, ಸಂಖ್ಯೆಗಳನ್ನು ಅಕ್ಷರಗಳಲ್ಲಿ ಬರೆಯುತ್ತಿದ್ದರು. ಲೆಕ್ಕ ಹೇಗೆ ಬಂತು ಎನ್ನುವುದು ಗುಮಾಸ್ತನ ತಲೆಯೊಳಗೇ ಉಳಿಯುತ್ತಿತ್ತು. ಅವನು ಹೇಳಿದ್ದೇ ಲೆಕ್ಕ.

ಖ್ವಾರಿಝ್ಮಿ ಈ ಭಾರತೀಯ ಅಂಕಿಗಳಲ್ಲಿ ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಹೇಗೆ ಎಂದು ಒಂದು ಪುಸ್ತಕ ಬರೆದರು. ನಾವು ಒಂದನೇ ಎರಡನೇ ಕ್ಲಾಸಿನಲ್ಲಿ ಕಲಿತ ದಶಕದ ಲೆಕ್ಕವೇ ಅದು. 48ಕ್ಕೆ 37 ಕೂಡಿಸಬೇಕು ಅಂತಿಟ್ಟುಕೊಳ್ಳಿ. ಮೊದಲು ಬಿಡಿ ಸ್ಥಾನ: 8 ಮತ್ತು 7 ಸೇರಿ 15. ಇದು 9ಕ್ಕಿಂತ ಹೆಚ್ಚಾ? ಹೌದು. ಹಾಗಾದರೆ 5 ಬರೆದು 1ನ್ನು ದಶಕ. ಆಮೇಲೆ ಹತ್ತರ ಸ್ಥಾನ: 4, 3 ಮತ್ತು ದಶಕದ 1 ಸೇರಿ 8. ಎಡಕ್ಕೆ ಇನ್ನೂ ಅಂಕಿ ಉಂಟಾ? ಇಲ್ಲ. ನಿಲ್ಲಿಸಿ. ಉತ್ತರ 85.

ಅಲ್ಗಾರಿದಮ್ ಅಂದ್ರೆ ಇಷ್ಟೇ. ಕೊಟ್ಟದ್ದು ಏನು, ಬೇಕಾದ್ದು ಏನು ಎಂದು ಸ್ಪಷ್ಟವಾಗಿರಬೇಕು. ಪ್ರತಿ ಹಂತಕ್ಕೂ ಒಂದೇ ಅರ್ಥ ಇರಬೇಕು. ಹಂತಗಳ ಕ್ರಮ ತಪ್ಪಬಾರದು. ಎಲ್ಲೋ ಒಂದು ಕಡೆ ಮುಗಿಯಬೇಕು. ಮತ್ತೆ, ಅದು 48 ಮತ್ತು 37ಕ್ಕೆ ಮಾತ್ರವಲ್ಲ, ಯಾವ ಎರಡು ಸಂಖ್ಯೆಗಳಿಗೂ ನಡೆಯಬೇಕು. ಕನ್ನಡದಲ್ಲಿ ಇದಕ್ಕೆ ಕ್ರಮಾವಳಿ ಎನ್ನುತ್ತಾರೆ. ಬುದ್ಧಿವಂತನಿಗೆ ಮಾತ್ರ ಆಗುವ ಕೆಲಸವನ್ನು, ಹೇಳಿದಂತೆ ಮಾಡಬಲ್ಲ ಯಾರಿಗಾದರೂ ಆಗುವಂತೆ ಮಾಡುವುದೇ ಅದರ ಉದ್ದೇಶ. ಕಂಪ್ಯೂಟರ್‌ಗೆ ಸ್ವಂತ ಬುದ್ಧಿ ಇಲ್ಲ, ಹೇಳಿದಂತೆ ಮಾಡುತ್ತದೆ. ಅದಕ್ಕೇ ಖ್ವಾರಿಝ್ಮಿಯವರ ರೀತಿ ಅದಕ್ಕೆ ಸರಿಹೊಂದಿತು.

ಆಸ್ತಿ ಪಾಲಿಗೊಂದು ಶಾಸ್ತ್ರ

ಖ್ವಾರಿಝ್ಮಿಯವರ ಎರಡನೇ ದೊಡ್ಡ ಕೃತಿ ಅಲ್ ಜಬ್ರ್ ವಲ್ ಮುಖಾಬಲಾ ಕುರಿತದ್ದು. ಖಲೀಫಾ ಮಾಮೂನ್‌ಗೆ ಅರ್ಪಿಸಿದ ಈ ಪುಸ್ತಕದಿಂದಲೇ ಆಲ್ಜೀಬ್ರಾ ಎಂಬ ಪದ ಬಂತು. ಜಬ್ರ್ ಅಂದರೆ ಮುರಿದದ್ದನ್ನು ಸರಿಯಾಗಿ ಕೂಡಿಸುವುದು. ಮೂಳೆ ಕಟ್ಟುವ ವೈದ್ಯನ ಕೆಲಸಕ್ಕೂ ಅದೇ ಮಾತು. ಮುಖಾಬಲಾ ಅಂದರೆ ಎದುರುಬದುರು ಇಟ್ಟು ಸರಿದೂಗಿಸುವುದು. ಸಮೀಕರಣದ ಒಂದು ಬದಿಯಲ್ಲಿ ಕಳೆದಿರುವುದನ್ನು ಇನ್ನೊಂದು ಬದಿಗೆ ಕೂಡಿಸುವುದು ಜಬ್ರ್. ಎರಡೂ ಬದಿಯಲ್ಲಿ ಸಮನಾಗಿ ಇರುವುದನ್ನು ತೆಗೆದುಹಾಕುವುದು ಮುಖಾಬಲಾ.

ಯಾರಿಗಾಗಿ ಈ ಪುಸ್ತಕ? ಮುನ್ನುಡಿಯಲ್ಲೇ ಅವರು ಅದನ್ನು ತಿಳಿಸುತ್ತಾರೆ. ವಾರಸು, ವಸಿಯ್ಯತ್, ಪಾಲು, ನ್ಯಾಯದ ವ್ಯಾಜ್ಯ, ವ್ಯಾಪಾರ, ಜಮೀನು ಅಳತೆ, ಕಾಲುವೆ ತೋಡುವುದು, ಇವುಗಳಲ್ಲಿ ಜನರಿಗೆ ಬೇಕಾಗುವ ಲೆಕ್ಕಕ್ಕಾಗಿ. ಇಡೀ ಪುಸ್ತಕದಲ್ಲಿ ಇಂದಿನ ಎಕ್ಸ್, ವೈ ಚಿಹ್ನೆ ಒಂದೂ ಇಲ್ಲ. ಎಲ್ಲವೂ ಮಾತಿನಲ್ಲಿ. ಗೊತ್ತಿಲ್ಲದ ಮೊತ್ತಕ್ಕೆ ಅವರು ವಸ್ತು ಎನ್ನುತ್ತಾರೆ ಅಥವಾ ಬೇರು ಎನ್ನುತ್ತಾರೆ.

ಅವರ ಪ್ರಸಿದ್ಧ ಲೆಕ್ಕವೊಂದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ. ಒಂದು ಸಂಖ್ಯೆಯ ವರ್ಗಕ್ಕೆ ಅದರ ಹತ್ತು ಪಟ್ಟು ಕೂಡಿಸಿದರೆ 39 ಆಗುತ್ತದೆ. ಆ ಸಂಖ್ಯೆ ಯಾವುದು? ಹತ್ತರ ಅರ್ಧ ಮಾಡಿ: 5. ಅದನ್ನು ಅದರಿಂದಲೇ ಗುಣಿಸಿ: 25. ಅದಕ್ಕೆ 39 ಕೂಡಿಸಿ: 64. ಅದರ ವರ್ಗಮೂಲ ತೆಗೆಯಿರಿ: 8. ಅದರಿಂದ ಮೊದಲಿನ 5 ಕಳೆಯಿರಿ: 3. ಪರೀಕ್ಷಿಸಿ ನೋಡಿ. 3ರ ವರ್ಗ 9, ಅದರ ಹತ್ತು ಪಟ್ಟು 30, ಒಟ್ಟು 39. ಸರಿಯಾಯಿತು. ಹತ್ತು, 39ರ ಜಾಗದಲ್ಲಿ ಬೇರೆ ಸಂಖ್ಯೆ ಹಾಕಿದರೂ ದಾರಿ ಅದೇ. ದಾರಿ ಹೇಳಿ ಸುಮ್ಮನಾಗದೆ, ಚೌಕದ ಚಿತ್ರ ಬರೆದು ಇದು ಯಾಕೆ ಸರಿ ಎಂದೂ ಅವರು ತೋರಿಸಿದ್ದಾರೆ.

ಅಳತೆಯ ಅಧ್ಯಾಯದಲ್ಲಿ ವೃತ್ತದ ಸುತ್ತಳತೆಗೆ ವ್ಯಾಸವನ್ನು ಮೂರು ಮತ್ತು ಏಳರಲ್ಲೊಂದು ಪಾಲಿನಿಂದ ಗುಣಿಸಿ ಎನ್ನುತ್ತಾರೆ. ಔರಾದ್‌ನ ರೈತರೊಬ್ಬರು 14 ಅಡಿ ಅಗಲದ ತೆರೆದ ಬಾವಿಗೆ ಸುತ್ತ ಕಟ್ಟೆ ಕಟ್ಟಿಸಬೇಕೆಂದರೆ ಇಂದಿಗೂ ಈ ಲೆಕ್ಕ ಸಾಕು: ಸುಮಾರು 44 ಅಡಿ. ಇನ್ನೂ ಸೂಕ್ಷ್ಮ ಬೇಕಾದವರಿಗೆ ಭಾರತದ ಆರ್ಯಭಟನಿಂದ ಬಂದ 20000ಕ್ಕೆ 62832 ಎಂಬ ಪ್ರಮಾಣವನ್ನೂ ಅವರು ಕೊಟ್ಟಿದ್ದಾರೆ.

ಪುಸ್ತಕದ ಸುಮಾರು ಅರ್ಧ ಭಾಗ ವಾರಸು ಮತ್ತು ವಸಿಯ್ಯತ್ ಲೆಕ್ಕಗಳಿಗೇ ಮೀಸಲು. ನಮ್ಮ ಓದುಗರಿಗೆ ಹೆಚ್ಚು ಹತ್ತಿರದ ಭಾಗ ಇದು. ಸೂಡೋಕೋಡ್ ಎಂದರೇನು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಸೂಡೋಕೋಡ್ ಅಂದರೆ ಯಂತ್ರದ ಭಾಷೆಯಲ್ಲಿ ಬರೆಯುವ ಮುಂಚೆ, ನಮ್ಮ ಮಾತಿನಲ್ಲೇ, ಆದರೆ ಬಿಗಿಯಾಗಿ, ಸಾಲು ಸಾಲಾಗಿ ಹಂತಗಳನ್ನು ಬರೆಯುವುದು. ಒಬ್ಬ ತಾಯಿ ತೀರಿಕೊಂಡಿದ್ದಾರೆ ಎಂದಿಟ್ಟುಕೊಳ್ಳಿ. ಅವರ ತಂದೆ ತಾಯಿ ಮೊದಲೇ ತೀರಿಕೊಂಡವರು. ಗಂಡ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಇದ್ದಾರೆ.

ಆರಂಭ
ಒಟ್ಟು ಆಸ್ತಿಯನ್ನು ಬರೆದುಕೋ
ಅಂತ್ಯಕ್ರಿಯೆಯ ಖರ್ಚನ್ನು, ಸಾಲವನ್ನು ಕಳೆ
ವಸಿಯ್ಯತ್ ಇದ್ದರೆ: ಉಳಿದದ್ದರ ಮೂರರಲ್ಲೊಂದು ಪಾಲು ಮೀರದಂತೆ ಅದನ್ನು ಕಳೆ
ಮಕ್ಕಳಿದ್ದರೆ: ಗಂಡನ ಪಾಲು = ಉಳಿದದ್ದರ ನಾಲ್ಕರಲ್ಲೊಂದು
ಇಲ್ಲದಿದ್ದರೆ: ಗಂಡನ ಪಾಲು = ಉಳಿದದ್ದರ ಅರ್ಧ
ಗಂಡನ ಪಾಲನ್ನು ಕಳೆ
ಮಗನಿಗೆ 2, ಪ್ರತಿ ಮಗಳಿಗೆ 1 ಎಂದು ಭಾಗಗಳನ್ನು ಎಣಿಸು
ಉಳಿದದ್ದನ್ನು ಭಾಗಗಳ ಸಂಖ್ಯೆಯಿಂದ ಭಾಗಿಸಿ ಹಂಚು
ಎಲ್ಲ ಪಾಲುಗಳನ್ನು ಕೂಡಿಸಿ ತಾಳೆ ನೋಡು
ಅಂತ್ಯ

ಈಗ ಅಂಕಿ ಹಾಕಿ. ಆಸ್ತಿ 6,00,000 ರೂಪಾಯಿ. ಅಂತ್ಯಕ್ರಿಯೆ ಮತ್ತು ಸಾಲ 40,000, ಉಳಿದದ್ದು 5,60,000. ವಸಿಯ್ಯತ್ 80,000, ಮೂರರಲ್ಲೊಂದಕ್ಕಿಂತ ಕಡಿಮೆ ಇದೆ, ಸರಿ. ಉಳಿದದ್ದು 4,80,000. ಗಂಡನಿಗೆ 1,20,000. ಉಳಿದ 3,60,000ವನ್ನು 4 ಭಾಗ ಮಾಡಿದರೆ ಒಂದೊಂದು 90,000. ಮಗನಿಗೆ 1,80,000, ಇಬ್ಬರು ಹೆಣ್ಣುಮಕ್ಕಳಿಗೆ ತಲಾ 90,000. ಕೂಡಿಸಿದರೆ 4,80,000 ಸರಿಯಾಗಿ ತಾಳೆಯಾಗುತ್ತದೆ. ನಿಜವಾದ ಮನೆಗಳಲ್ಲಿ ವಾರಸುದಾರರು ಬೇರೆ ಬೇರೆ ಇರುತ್ತಾರೆ, ಆಗ ಬಲ್ಲ ಉಸ್ತಾದರನ್ನೇ ಕೇಳಬೇಕು. ನಾವು ಇಲ್ಲಿ ಹೇಳಹೊರಟದ್ದು ಲೆಕ್ಕದ ದಾರಿಯನ್ನು.

ಆ ದಾರಿಯಲ್ಲಿ ಒಂದು ಸಾಲು ಬಿಟ್ಟು ನೋಡಿ. ಸಾಲದ ಸಾಲು ಬಿಟ್ಟರೆ ಸಾಲ ಕೊಟ್ಟವನಿಗೆ ಮೋಸ. ಮಗಳ ಸಾಲು ಬಿಟ್ಟರೆ ಮಗಳಿಗೆ ಮೋಸ. ಮದುವೆಯಲ್ಲಿ ಕೊಟ್ಟಾಯಿತಲ್ಲ ಎಂದು ಹೆಣ್ಣುಮಕ್ಕಳ ಪಾಲನ್ನು ಬಾಯಿಮಾತಿನಲ್ಲೇ ಮುಗಿಸಿಬಿಡುವ ಮನೆಗಳು ಇಂದಿಗೂ ಇಲ್ಲವೆನ್ನಲು ಆಗುವುದಿಲ್ಲ. ಲೆಕ್ಕ ಯಾರದೋ ತಲೆಯೊಳಗಿದ್ದಾಗ ಅದು ಸಾಧ್ಯ. ಹಂತಗಳನ್ನು ಕಾಗದದ ಮೇಲೆ ಬರೆದಿಟ್ಟರೆ, ಓದು ಬಲ್ಲ ಯಾವ ಹುಡುಗಿಯಾದರೂ ನನ್ನ ಸಾಲು ಎಲ್ಲಿ ಎಂದು ಕೇಳಬಹುದು. ಖ್ವಾರಿಝ್ಮಿಯವರ ದೊಡ್ಡ ಉಪಕಾರ ಇದೇ ಎಂದು ನಮಗೆ ಅನ್ನಿಸುತ್ತದೆ.

ಖಲೀಫಾನ ಜಾತಕ

ಅವರು ಇಷ್ಟಕ್ಕೇ ನಿಲ್ಲಲಿಲ್ಲ. ಭಾರತದಿಂದ ಬಂದ ಖಗೋಳ ಶಾಸ್ತ್ರದ ಆಧಾರದಲ್ಲಿ ಸೂರ್ಯ, ಚಂದ್ರ, ಗ್ರಹಗಳ ಗತಿಯ ಕೋಷ್ಟಕಗಳನ್ನು ಸಿದ್ಧಪಡಿಸಿದರು. ಭೂಮಿಯ ಆಕಾರದ ಬಗ್ಗೆ ಬರೆದ ಗ್ರಂಥದಲ್ಲಿ ಸುಮಾರು 2,400 ಸ್ಥಳಗಳ ಅಕ್ಷಾಂಶ ರೇಖಾಂಶಗಳನ್ನು ಪಟ್ಟಿ ಮಾಡಿದರು. ಯಹೂದಿಗಳ ಪಂಚಾಂಗದ ಮೇಲೂ ಒಂದು ಕಿರುಕೃತಿ ಬರೆದರು.

ಇತಿಹಾಸಕಾರ ತಬರಿ ಒಂದು ಪ್ರಸಂಗ ಹೇಳುತ್ತಾರೆ. 847ರಲ್ಲಿ ಖಲೀಫಾ ವಾಸಿಖ್ ಕಾಯಿಲೆ ಬಿದ್ದಾಗ ಜಾತಕ ನೋಡಲು ಕರೆದವರ ಪಟ್ಟಿಯಲ್ಲಿ ಖ್ವಾರಿಝ್ಮಿಯವರ ಹೆಸರೂ ಇದೆ. ಅವರೆಲ್ಲ ಸೇರಿ ಲೆಕ್ಕ ಹಾಕಿ ಖಲೀಫಾ ಇನ್ನೂ ಐವತ್ತು ವರ್ಷ ಬದುಕುತ್ತಾರೆ ಎಂದರಂತೆ. ಖಲೀಫಾ ಹತ್ತು ದಿನದಲ್ಲಿ ತೀರಿಕೊಂಡರು. ಕಂಪ್ಯೂಟರ್ ಕಲಿಯುವ ಮಕ್ಕಳು ಇದನ್ನು ನೆನಪಿಡಬೇಕು. ಹಂತಗಳೆಲ್ಲ ಸರಿಯಿದ್ದು, ಆರಂಭದಲ್ಲಿ ಹಿಡಿದ ನಂಬಿಕೆಯೇ ಪೊಳ್ಳಾದರೆ ಉತ್ತರವೂ ಪೊಳ್ಳು. ನಕ್ಷತ್ರ ನೋಡಿ ಆಯುಷ್ಯ ಅಳೆಯುವ ಲೆಕ್ಕ ಕೈಕೊಟ್ಟಿತು. ಪಾಲಿನ ಲೆಕ್ಕ, ಬಾವಿಯ ಲೆಕ್ಕ ಉಳಿಯಿತು.

850ರ ಸುಮಾರಿಗೆ ಖ್ವಾರಿಝ್ಮಿ ತೀರಿಕೊಂಡರು. ಮುನ್ನೂರು ವರ್ಷಗಳ ನಂತರ ಯುರೋಪಿನವರು ಅವರ ಪುಸ್ತಕಗಳನ್ನು ಹುಡುಕಿಕೊಂಡು ಬಂದರು. 1145ರಲ್ಲಿ ಸ್ಪೇನಿನ ಸೆಗೋವಿಯಾದಲ್ಲಿ ರಾಬರ್ಟ್ ಆಫ್ ಚೆಸ್ಟರ್ ಆಲ್ಜೀಬ್ರಾ ಪುಸ್ತಕವನ್ನು ಲ್ಯಾಟಿನ್‌ಗೆ ತಂದರು. ಅಂಕಿಗಳ ಪುಸ್ತಕದ ಅರಬಿ ಮೂಲ ಕಳೆದುಹೋಗಿದೆ. ಲ್ಯಾಟಿನ್ ರೂಪ ಮಾತ್ರ ಉಳಿದಿದೆ. ಅದರಲ್ಲಿ ಅವರ ಹೆಸರು ಅಲ್ಗೋರಿಝ್ಮಿ ಎಂದಾಯಿತು. ಹೊಸ ಅಂಕಿಗಳಲ್ಲಿ ಲೆಕ್ಕ ಮಾಡುವ ವಿಧಾನಕ್ಕೇ ಜನ ಅದೇ ಹೆಸರು ಹಿಡಿದು ಕರೆದರು. ಕೊನೆಗೆ ಮನುಷ್ಯ ಮರೆಯಾಗಿ ಹೆಸರು ಮಾತ್ರ ಉಳಿಯಿತು.

ಬೀದರ್‌ನ ಕೋಟೆ, ಕರೇಝ್ ಮತ್ತು ಒಂದು ಮೊಹರು

ಈ ವಿದ್ಯೆ ಯುರೋಪಿಗೆ ಮಾತ್ರ ಹೋಗಲಿಲ್ಲ, ನಮ್ಮ ಕಡೆಗೂ ಬಂತು. ಬೀದರ್‌ನ ನೌಬಾದ್‌ನಲ್ಲಿ ಬಹಮನಿ ಕಾಲದ ಕರೇಝ್ ಉಂಟು. ಊರಿನವರು ಸುರಂಗ ಬಾವಿ ಎನ್ನುತ್ತಾರೆ. ನಮ್ಮ ಕಾಸರಗೋಡು, ಪುತ್ತೂರು ಕಡೆಯ ಸುರಂಗಗಳನ್ನು ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ನೆಲದಡಿ ಉದ್ದಕ್ಕೆ ಸುರಂಗ, ನಡುನಡುವೆ ಮೇಲಕ್ಕೆ ತೆರೆದ ಬಾವಿಗಳು. ಇಳಿಜಾರು ಹೆಚ್ಚಾದರೆ ನೀರು ಮಣ್ಣು ಕೊರೆಯುತ್ತದೆ, ಕಡಿಮೆಯಾದರೆ ನಿಲ್ಲುತ್ತದೆ. ಪಂಪ್ ಇಲ್ಲದೆ ನೀರು ತಾನಾಗಿ ಹರಿಯಬೇಕಾದರೆ ಅಳತೆ ತಪ್ಪಬಾರದು. ಕಾಲುವೆ ತೋಡುವವರಿಗೆಂದು ಖ್ವಾರಿಝ್ಮಿ ಬರೆದದ್ದು ಇಂಥ ಲೆಕ್ಕಗಳ ಅಗತ್ಯಕ್ಕೇ.

1453ರಲ್ಲಿ ಕ್ಯಾಸ್ಪಿಯನ್ ಸಮುದ್ರ ತೀರದ ಗೀಲಾನ್‌ನಿಂದ ಬೀದರ್‌ಗೆ ಬಂದ ವ್ಯಾಪಾರಿ ಮಹಮೂದ್ ಗವಾನ್ ಮುಂದೆ ಬಹಮನಿ ರಾಜ್ಯದ ಪ್ರಧಾನಿಯಾದರು. ಸ್ವತಃ ಗಣಿತ ಬಲ್ಲವರು. 1472ರಲ್ಲಿ ಅವರು ಕಟ್ಟಿಸಿದ ಮದ್ರಸದಲ್ಲಿ ಧರ್ಮಶಾಸ್ತ್ರದ ಜೊತೆಗೆ ಗಣಿತ, ಖಗೋಳವನ್ನೂ ಕಲಿಸುತ್ತಿದ್ದರು. ಬಣ್ಣದ ಹೆಂಚುಗಳ ಆ ಕಟ್ಟಡದ ದೊಡ್ಡ ಭಾಗ ಇಂದಿಗೂ ನಿಂತಿದೆ.

ಗವಾನರ ಅಂತ್ಯ ಮಾತ್ರ ದಾರುಣ. ವೈರಿಗಳು ಖಾಲಿ ಕಾಗದಕ್ಕೆ ಅವರ ಮೊಹರು ಒತ್ತಿಸಿಕೊಂಡು, ಶತ್ರು ರಾಜನಿಗೆ ಬರೆದ ಪತ್ರವೆಂದು ಸುಳ್ಳು ಸೃಷ್ಟಿಸಿದರು. ಸುಲ್ತಾನ ಮೂರನೇ ಮುಹಮ್ಮದ್ ಶಾ ವಿಚಾರಣೆ ಮಾಡಲಿಲ್ಲ. 1481ರಲ್ಲಿ ಗವಾನರ ತಲೆ ಉರುಳಿತು. ಸತ್ಯ ಗೊತ್ತಾದಾಗ ಕಾಲ ಮಿಂಚಿತ್ತು. ಮರುವರ್ಷ ಸುಲ್ತಾನನೂ ಸತ್ತ, ರಾಜ್ಯ ಒಡೆಯಿತು.

ಫ್ಲೋಚಾರ್ಟ್ ಕಲಿಯುವ ಮಕ್ಕಳಿಗೆ ಈ ಕಥೆಯನ್ನೇ ಹೇಳಬಹುದು. ಫ್ಲೋಚಾರ್ಟ್ ಅಂದರೆ ಹಂತಗಳ ಚಿತ್ರ. ಆರಂಭಕ್ಕೂ ಅಂತ್ಯಕ್ಕೂ ಮೊಟ್ಟೆಯಾಕಾರ. ಮಾಹಿತಿ ತೆಗೆದುಕೊಳ್ಳಲು, ಕೊಡಲು ಓರೆ ಚೌಕ. ಕೆಲಸ ಮಾಡಲು ಆಯತ. ಪ್ರಶ್ನೆ ಕೇಳಲು ವಜ್ರದಾಕಾರ. ಅದರಿಂದ ಹೌದು, ಇಲ್ಲ ಎಂಬ ಎರಡು ಬಾಣಗಳು ಹೊರಡುತ್ತವೆ. ಪತ್ರ ಬಂತು ಎಂಬ ಓರೆ ಚೌಕದಿಂದ ಶಿಕ್ಷೆ ಎಂಬ ಆಯತಕ್ಕೆ ಸುಲ್ತಾನ ನೇರ ಬಾಣ ಎಳೆದುಬಿಟ್ಟ. ನಡುವೆ ಇರಬೇಕಿದ್ದ ವಜ್ರ, ಪತ್ರ ನಿಜವಾ ಎಂಬ ಒಂದು ಪ್ರಶ್ನೆ, ಇರಲಿಲ್ಲ.

ದಿನನಿತ್ಯದ ಉದಾಹರಣೆ ಬೇಕಾದರೆ ಇದೂ ಆದೀತು. ಬೀದರ್‌ನ ಹಾಸ್ಟೆಲ್ ಹುಡುಗನೊಬ್ಬ ಗೆಳೆಯನ ಮನೆಗೆ ಹೊರಟಿದ್ದಾನೆ. ಮೊದಲ ವಜ್ರ: ಗೆಳೆಯನ ಊರು ಭಾಲ್ಕಿಯಾ? ಇಲ್ಲ, ಔರಾದ್ ಎಂದರೆ ಬಾಣ ನೇರ ಬಸ್ ಸ್ಟ್ಯಾಂಡಿಗೆ, ಔರಾದ್ ಪಟ್ಟಣಕ್ಕೆ ರೈಲಿಲ್ಲ. ಹೌದು ಎಂದರೆ ಎರಡನೇ ವಜ್ರ: ಈ ಹೊತ್ತಿಗೆ ರೈಲು ಉಂಟಾ? ಹೌದಾದರೆ ಸ್ಟೇಷನ್, ಇಲ್ಲವಾದರೆ ಬಸ್ ಸ್ಟ್ಯಾಂಡ್. ಬಸ್ ಸ್ಟ್ಯಾಂಡಿನಲ್ಲಿ ಮೂರನೇ ವಜ್ರ: ಬಸ್ಸು ಬಂತಾ? ಇಲ್ಲ ಎಂದರೆ ಹತ್ತು ನಿಮಿಷ ಕಾದು ಬಾಣ ಹಿಂದಕ್ಕೆ ಬಂದು ಅದೇ ಪ್ರಶ್ನೆಗೆ ಸೇರುತ್ತದೆ. ಹೀಗೆ ತಿರುಗಿ ಬರುವುದಕ್ಕೆ ಲೂಪ್ ಎನ್ನುತ್ತಾರೆ. ಇಲ್ಲೊಂದು ಎಚ್ಚರ ಬೇಕು: ಕೊನೆಯ ಬಸ್ಸು ಹೋಗಿದ್ದರೆ? ಆ ಪ್ರಶ್ನೆಯನ್ನು ಚಿತ್ರದಲ್ಲಿ ಸೇರಿಸದಿದ್ದರೆ ಹುಡುಗ ರಾತ್ರಿಯಿಡೀ ಅಲ್ಲೇ ಸುತ್ತುತ್ತಿರುತ್ತಾನೆ! ಕಂಪ್ಯೂಟರ್ ಕೆಲವೊಮ್ಮೆ ಹ್ಯಾಂಗ್ ಆಗಿ ನಿಲ್ಲುವುದಕ್ಕೆ ಇಂಥದ್ದೂ ಒಂದು ಕಾರಣ.

ಇಂಥ ಚಿತ್ರಗಳನ್ನು 1921ರಲ್ಲಿ ಅಮೆರಿಕದ ಗಿಲ್‌ಬ್ರೆತ್ ದಂಪತಿ ಕಾರ್ಖಾನೆಯ ಕೆಲಸಕ್ಕೆ ತಂದರು. 1947ರ ಹೊತ್ತಿಗೆ ಗೋಲ್ಡ್‌ಸ್ಟೈನ್ ಮತ್ತು ವಾನ್ ನ್ಯೂಮನ್ ಕಂಪ್ಯೂಟರ್‌ಗೆ ಅಳವಡಿಸಿದರು. ಚಿತ್ರ ಹೊಸದು, ಒಳಗಿನ ವಿಚಾರ ಹಳೆಯದು. 1979ರಲ್ಲಿ ಕಂಪ್ಯೂಟರ್ ವಿಜ್ಞಾನಿಗಳು ಅಲ್ಗಾರಿದಮ್ ಬಗ್ಗೆ ಚರ್ಚಿಸಲು ಖ್ವಾರಿಝ್ಮ್ ಸೀಮೆಯ ಊರ್ಗೆಂಚ್‌ನಲ್ಲೇ ಸೇರಿದರು. 1983ರಲ್ಲಿ ಸೋವಿಯತ್ ಒಕ್ಕೂಟ ಖ್ವಾರಿಝ್ಮಿಯವರ 1200ನೇ ಜನ್ಮವರ್ಷಕ್ಕೆ ಅಂಚೆಚೀಟಿ ಹೊರಡಿಸಿತು.

ಮನೆಯಲ್ಲಿ ಈ ಪಾಠ ಓದುವ ಮಕ್ಕಳಿದ್ದರೆ ಹೆತ್ತವರಿಗೆ ನಮ್ಮದೊಂದು ಸಲಹೆ. ಕಂಪ್ಯೂಟರ್ ಇಲ್ಲವೆಂದು ಚಿಂತೆ ಬೇಡ. ಒಂದು ನೋಟ್‌ಬುಕ್, ಪೆನ್ಸಿಲ್ ಸಾಕು. ಅಂಗಡಿಯ ದಿನದ ಲೆಕ್ಕ ಮುಗಿಸುವುದು, ರೇಷನ್ ಕಾರ್ಡಿಗೆ ಅರ್ಜಿ ಹಾಕುವುದು, ಮನೆಯ ಝಕಾತ್ ಲೆಕ್ಕ ಹಾಕುವುದು, ಯಾವುದಾದರೂ ಒಂದನ್ನು ಹಂತ ಹಂತವಾಗಿ ಬರೆಯಲು ಹೇಳಿ. ಬರೆದದ್ದನ್ನು ತಂಗಿಯ ಕೈಗೆ ಕೊಟ್ಟು, ಏನನ್ನೂ ಬಾಯಲ್ಲಿ ವಿವರಿಸದೆ, ಬರೆದಂತೆಯೇ ಮಾಡಿಸಿ. ಅವಳು ಎಲ್ಲಿ ನಿಂತಳೋ ಅಲ್ಲಿ ಒಂದು ಹಂತ ಬಿಟ್ಟುಹೋಗಿದೆ ಎಂದರ್ಥ. ಅದನ್ನು ಸೇರಿಸಿ ಮತ್ತೊಮ್ಮೆ ಮಾಡಿಸಿ. ಅವಳು ಯಾರನ್ನೂ ಕೇಳದೆ ಕೊನೆ ಮುಟ್ಟಿದ ದಿನ ಅಲ್ಗಾರಿದಮ್ ಏನೆಂದು ಇಬ್ಬರಿಗೂ ಗೊತ್ತಾಗಿರುತ್ತದೆ.